ಹಳೆ ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಎಕ್ಸ್‌ವಿ6ನಲ್ಲಿ ಡ್ರೈವರ್ ಬರೆದದ್ದು

ಎಕ್ಸ್‌ವಿ6 ಅನ್ನುವುದು ಪಾಠಕ್ಕೆಂದೇ ಬರೆದ ಆಪರೇಟಿಂಗ್ ಸಿಸ್ಟಂ. ಅಮೆರಿಕದ ಎಂಐಟಿಯವರು 2006ರಲ್ಲಿ ತಮ್ಮ ಕ್ಲಾಸಿಗೆ ಅಂತ ಮಾಡಿಕೊಂಡಿದ್ದು. 1975ರಲ್ಲಿ ಬಂದ ಯುನಿಕ್ಸ್ ಆರನೇ ಆವೃತ್ತಿಯ ಅಚ್ಚಿನಲ್ಲಿದೆ. ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ, ಯಾರು ಬೇಕಾದರೂ ತಿದ್ದಬಹುದು. ಕೀಬೋರ್ಡ್ ಇದೆ, ಸ್ಕ್ರೀನ್ ಇದೆ, ಡಿಸ್ಕ್ ಇದೆ, ಕಮಾಂಡ್ ಟೈಪ್ ಮಾಡಲಿಕ್ಕೆ ಒಂದು ಪುಟ್ಟ ಶೆಲ್ ಇದೆ. ಮೌಸ್ ಇಲ್ಲ. ಟಚ್‌ಪ್ಯಾಡ್ ಮಾತಂತೂ ದೂರ.

ನನ್ನದು ಹಾಸನದ ಬಿ.ಎಂ. ರಸ್ತೆಯ ಕಡೆ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಇಂಥ ಕೆಲಸಕ್ಕೆ ಕೂರುತ್ತೇನೆ. ಪಕ್ಕದ ಬೀದಿಯ ಹುಡುಗನೊಬ್ಬ ಇಂಜಿನಿಯರಿಂಗ್ ಓದುತ್ತಿದ್ದಾನೆ. ಎಕ್ಸ್‌ವಿ6 ತಂದು ತೋರಿಸಿದ್ದು ಅವನೇ. "ಅಣ್ಣ, ಇದನ್ನ ನಿಜವಾದ ಲ್ಯಾಪ್‌ಟಾಪಲ್ಲಿ ಓಡಿಸಕ್ಕಾಗಲ್ವಾ?" ಅಂದ. ಸಾಮಾನ್ಯವಾಗಿ ಇದನ್ನು ಕ್ಯೂಇಎಂಯು ಅನ್ನುವ ಎಮ್ಯುಲೇಟರಿನ (ಕಂಪ್ಯೂಟರನ್ನೇ ಅನುಕರಿಸುವ ಸಾಫ್ಟ್‌ವೇರಿನ) ಒಳಗೇ ಓಡಿಸಿ ಮುಗಿಸುತ್ತಾರೆ. ಓಡಿಸೋಣ, ಜೊತೆಗೆ ಡ್ರೈವರ್, ಅಂದರೆ ಪ್ಯಾಡನ್ನು ಮಾತಾಡಿಸುವ ಕೋಡ್ ಬರೆದು ಟಚ್‌ಪ್ಯಾಡನ್ನೂ ಎಬ್ಬಿಸೋಣ ಅಂತ ಹೊರಟೆವು.

ಲಿನಕ್ಸಿಗೆ ಇಂಥ ಟಚ್‌ಪ್ಯಾಡ್‌ಗಳೆಲ್ಲ ಆಗಲೇ ಗೊತ್ತು. ಅದರ ಪಿಎಸ್‌ಮೌಸ್ ಡ್ರೈವರಿನಲ್ಲಿ ಸಿನಾಪ್ಟಿಕ್ಸ್, ಎಲಾನ್‌ಟೆಕ್, ಆಲ್ಪ್ಸ್ ಅಂತ ಒಂದೊಂದು ಕಂಪನಿಯ ಪ್ಯಾಡಿಗೂ ಬೇರೆ ಬೇರೆ ಫೈಲ್ ಇದೆ. ಮತ್ಯಾಕೆ ಈ ತಾಪತ್ರಯ ಅಂದರೆ, ಅಲ್ಲಿ ಬೆರಳು ಮುಟ್ಟುವುದಕ್ಕೂ ಪಾಯಿಂಟರ್ ಅಲುಗುವುದಕ್ಕೂ ನಡುವೆ ಬಹಳ ಪದರಗಳಿವೆ. ಎಕ್ಸ್‌ವಿ6ನಲ್ಲಿ ಪದರವೇ ಇಲ್ಲ. ಚಿಪ್ಪಿನಿಂದ ಒಂದು ಬೈಟ್ ಬಂದರೆ ಅದು ಎಲ್ಲಿಗೆ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು. ಕಲಿಯಲಿಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಎಂಐಟಿಯವರು ಈಗ ರಿಸ್ಕ್-ಫೈವ್ ಅನ್ನುವ ಬೇರೆ ಬಗೆಯ ಪ್ರೊಸೆಸರಿನ ಆವೃತ್ತಿಯನ್ನು ಮಾತ್ರ ನೋಡಿಕೊಳ್ಳುತ್ತಾರೆ. ಹಳೆ ಎಕ್ಸ್86 (ಮಾಮೂಲಿ ಇಂಟೆಲ್ ಪಿಸಿಯ) ಆವೃತ್ತಿಯನ್ನು ಬಿಟ್ಟುಬಿಟ್ಟಿದ್ದೇವೆ ಅಂತ ಅವರೇ ಅದರ ರೀಡ್‌ಮೀ ಫೈಲಿನಲ್ಲಿ ಬರೆದಿದ್ದಾರೆ. ನಮಗೆ ಬೇಕಾದದ್ದು ಆ ಬಿಟ್ಟ ಆವೃತ್ತಿಯೇ. ಹೊಸ ಜಿಸಿಸಿ ಕಂಪೈಲರಿನಲ್ಲಿ ಕಂಪೈಲ್ ಮಾಡಿದರೆ ಎಚ್ಚರಿಕೆಗಳನ್ನೇ ತಪ್ಪು ಅಂತ ಹಿಡಿದು ನಿಂತುಬಿಡುತ್ತದೆ. ಮೇಕ್‌ಫೈಲಿನಲ್ಲಿ ಆ ಒಂದು ಆಯ್ಕೆಯನ್ನು ತೆಗೆದರೆ ಮುಂದೆ ಹೋಗುತ್ತದೆ.

ಯಾವ ಲ್ಯಾಪ್‌ಟಾಪ್

ಈ ಕೆಲಸಕ್ಕೆ ಹಳೆಯದೇ ಬೇಕು. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಜಾಸ್ತಿ ಐ2ಸಿ ಅನ್ನುವ ಬೇರೆ ಥರದ ತಂತಿಯ ಮೇಲೆ ಕೂತಿರುತ್ತದೆ. ಅದು ಎಲ್ಲಿದೆ ಅಂತ ಹುಡುಕಲಿಕ್ಕೇ ಎಸಿಪಿಐ (ಯಂತ್ರದಲ್ಲಿ ಏನು ಎಲ್ಲಿದೆ ಅಂತ ಬಯಾಸ್ ಕೊಡುವ ಪಟ್ಟಿ) ಓದಬೇಕು. ಎಕ್ಸ್‌ವಿ6ಗೆ ಎಸಿಪಿಐ ಗೊತ್ತಿಲ್ಲ. ಹಳೆಯವುಗಳಲ್ಲಿ ಟಚ್‌ಪ್ಯಾಡ್ ಪಿಎಸ್/2 (ಯುಎಸ್‌ಬಿಗೆ ಮುಂಚಿನ) ಮೌಸಿನ ತಂತಿಯಲ್ಲೇ ಬರುತ್ತದೆ. ಕ್ಲಾಕ್ ಒಂದು, ಡೇಟಾ ಒಂದು, ಕರೆಂಟು, ಗ್ರೌಂಡು. ಅಷ್ಟೇ.

ಗುಜರಿಯಿಂದ ಎತ್ತಿದ ಮೊದಲನೆಯದರಲ್ಲಿ ಎಕ್ಸ್‌ವಿ6 ಶುರುವಾಗುತ್ತಲೇ ಪ್ಯಾನಿಕ್ ಆಯಿತು, ಅಂದರೆ ತಪ್ಪು ಹೇಳಿ ನಿಂತುಬಿಟ್ಟಿತು. "ಎಸ್‌ಎಂಪಿ ಮೇಲೆ ಓಡುತ್ತೇನೆ ಅಂದುಕೊಂಡಿದ್ದೆ" ಅನ್ನುವ ಅರ್ಥದ ಒಂದು ಸಾಲು ಬಂತು. ಎಸ್‌ಎಂಪಿ ಅಂದರೆ ಒಂದಕ್ಕಿಂತ ಹೆಚ್ಚು ಸಿಪಿಯು ಇರುವ ಯಂತ್ರ. ಅವುಗಳ ಪಟ್ಟಿ ಇರಬೇಕಾದ, ಇಂಟೆಲಿನ ಹಳೆ ಎಂಪಿ ಟೇಬಲ್ ಬಯಾಸಿನಲ್ಲಿ ಸಿಗಲಿಲ್ಲ. ಅದನ್ನು ಪಕ್ಕಕ್ಕಿಟ್ಟೆವು. ಎರಡನೆಯದು ಸಕಲೇಶಪುರದ ಕಡೆಯ ಒಂದು ಕಾಫಿ ಎಸ್ಟೇಟಿನಿಂದ ಬಂದಿದ್ದ ಕೋರ್ 2 ಡ್ಯುಯೊ. ಬ್ಯಾಟರಿ ಸತ್ತಿತ್ತು, ಉಳಿದದ್ದೆಲ್ಲ ಜೀವಂತ. ಆ ಕಡೆಯ ಮಳೆಗಾಲದ ಥಂಡಿ ಒಳಗೆಲ್ಲ ಸೇರಿಕೊಂಡಿತ್ತು. ಕೈ ಇಡುವ ಮೇಲಿನ ಭಾಗ ಬಿಚ್ಚಿ ನೋಡಿದರೆ ಟಚ್‌ಪ್ಯಾಡಿನ ಪಟ್ಟಿ ಕೇಬಲ್ಲಿನ ತುದಿಯಲ್ಲಿ ಹಸಿರು ಹಿಡಿದಿತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿ, ಕನೆಕ್ಟರಿನ ಕರಿ ಲಾಕ್ ಎತ್ತಿ ಮತ್ತೆ ಕೂರಿಸಿದೆ. ಆ ಲಾಕನ್ನು ಉಗುರಿನಲ್ಲೇ ಎತ್ತಬೇಕು. ಸ್ಕ್ರೂಡ್ರೈವರ್ ಹಾಕಿದರೆ ಮುರಿಯುತ್ತದೆ, ಮುರಿದರೆ ಕಥೆ ಮುಗಿಯಿತು.

ಡ್ರೈವರ್ ಬರೆಯುವ ಮುಂಚೆ ಪ್ಯಾಡ್ ನಿಜವಾಗಲೂ ಕೆಲಸ ಮಾಡುತ್ತದಾ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ತಂತಿಯ ತಪ್ಪನ್ನು ಕೋಡಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಕರ್ನಲ್ (ಸಿಸ್ಟಮಿನ ತಿರುಳು) ಹೇಳುವ ಸಂದೇಶಗಳನ್ನು ನೋಡಿದೆವು. ಸಿನಾಪ್ಟಿಕ್ಸ್ ಟಚ್‌ಪ್ಯಾಡ್, ಮಾಡೆಲ್ 1, ಫರ್ಮ್‌ವೇರ್ (ಪ್ಯಾಡಿನ ಒಳಗಿನ ಸಾಫ್ಟ್‌ವೇರ್) 7.2 ಅಂತ ಇತ್ತು. ಈ 1, 7, 2 ಮೂರನ್ನೂ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ನಮ್ಮ ಡ್ರೈವರ್ ಕೇಳಿದಾಗಲೂ ಪ್ಯಾಡ್ ಇದನ್ನೇ ಹೇಳಬೇಕು.

ಸಿನಾಪ್ಟಿಕ್ಸ್ ಸಿಕ್ಕಿದ್ದು ಅನುಕೂಲವೇ ಆಯಿತು. ಪ್ಯಾಡಿನ ಜೊತೆ ಹೇಗೆ ಮಾತಾಡಬೇಕು ಅನ್ನುವ ಗೈಡನ್ನು ಕಂಪನಿಯೇ ಹೊರಗೆ ಬಿಟ್ಟಿದೆ. ಅಂದಹಾಗೆ, 1986ರಲ್ಲಿ ಈ ಕಂಪನಿ ಕಟ್ಟಿದವರಲ್ಲಿ ಒಬ್ಬರು ಫೆಡೆರಿಕೊ ಫ್ಯಾಜಿನ್. ಇಂಟೆಲಿನ ಮೊದಲ ಮೈಕ್ರೋಪ್ರೊಸೆಸರ್ 4004ರ ವಿನ್ಯಾಸ ನಡೆಸಿದವರು. ಇನ್ನೊಬ್ಬರು ಕಾರ್ವರ್ ಮೀಡ್. ಅವರು ಶುರು ಮಾಡಿದ್ದು ನ್ಯೂರಲ್ ನೆಟ್‌ವರ್ಕ್ ಚಿಪ್ ಮಾಡೋಣ ಅಂತ, ಕೊನೆಗೆ ಕೈಹಿಡಿದದ್ದು ಟಚ್‌ಪ್ಯಾಡ್.

ಪೆನ್‌ಡ್ರೈವಿನಿಂದ ಎಬ್ಬಿಸುವುದು

ಎಕ್ಸ್‌ವಿ6ನ ಬೂಟ್ ಕೋಡ್ ನೇರವಾಗಿ ಐಡಿಇ ಅನ್ನುವ ಹಳೆ ಬಗೆಯ ಡಿಸ್ಕಿನ ಪೋರ್ಟುಗಳನ್ನು ಓದುತ್ತದೆ. ಹಾಗಾಗಿ ಇಮೇಜನ್ನು ಸುಮ್ನೆ ಪೆನ್‌ಡ್ರೈವಿಗೆ ಬರೆದರೆ ಏಳುವುದಿಲ್ಲ. ಆದರೆ ಕರ್ನಲಿನಲ್ಲಿ ಮಲ್ಟಿಬೂಟ್ ಹೆಡರ್ ಇದೆ, ಅದನ್ನು ನೋಡಿ ಗ್ರಬ್ ಅನ್ನುವ ಬೂಟ್‌ಲೋಡರ್ ಕರ್ನಲನ್ನು ಎತ್ತಿಕೊಳ್ಳುತ್ತದೆ. ಗ್ರಬ್ ಮೆನುವಿಗೆ ಏನು ಸೇರಿಸಬೇಕು ಅನ್ನುವುದನ್ನೂ ಎಂಟ್ರಿ.ಎಸ್ ಫೈಲಿನ ಕಾಮೆಂಟಿನಲ್ಲೇ ಬರೆದಿಟ್ಟಿದ್ದಾರೆ.

ಡಿಸ್ಕಿನ ಸಮಸ್ಯೆಗೂ ಅಲ್ಲೇ ಮದ್ದಿದೆ. ಕರ್ನಲ್‌ಮೆಮ್‌ಎಫ್‌ಎಸ್ ಅಂತ ಇನ್ನೊಂದು ಕರ್ನಲ್ ಕಟ್ಟಿಕೊಳ್ಳಬಹುದು. ಅದು ಇಡೀ ಫೈಲ್ ಸಿಸ್ಟಮನ್ನು, ಅಂದರೆ 512 ಬೈಟಿನ 1000 ಬ್ಲಾಕುಗಳನ್ನು, ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ನಿಜವಾದ ಯಂತ್ರದಲ್ಲಿ ಪರೀಕ್ಷೆ ಮಾಡಲಿಕ್ಕೆ ಅಂತಲೇ ಮಾಡಿದ್ದು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪು, ಗಾಳಿಮಳೆ ಬಂದರೆ ಕರೆಂಟು ಹೋಗುವ ಊರು. ಡಿಸ್ಕ್ ಕೆಡುವ ಭಯವೇ ಇಲ್ಲದ್ದು ಎಷ್ಟೋ ಸಮಾಧಾನ.

ಒಂದೇ ಬಾಗಿಲು, ಇಬ್ಬರು

ಇಲ್ಲಿಂದ ಮುಂದೆ ಬರುವ ಪೋರ್ಟ್, ಕಮಾಂಡ್, ಬೈಟುಗಳ ಅಂಕಿಗಳೆಲ್ಲ ಹೆಕ್ಸ್‌ನಲ್ಲಿವೆ (16ರ ಲೆಕ್ಕ, 9 ಆದ ಮೇಲೆ ಎಯಿಂದ ಎಫ್) ಅಂತ ಇಟ್ಟುಕೊಳ್ಳಿ. ಉಳಿದವು ಮಾಮೂಲಿ ಲೆಕ್ಕ.

ಕೀಬೋರ್ಡ್ ಮತ್ತು ಪಿಎಸ್/2 ಮೌಸ್ ಎರಡೂ 8042 ಅನ್ನುವ ಒಂದೇ ಕಂಟ್ರೋಲರಿನ ಹಿಂದಿವೆ. ಡೇಟಾ ಬರುವುದು 60ನೇ ಪೋರ್ಟಿನಲ್ಲಿ, ಸ್ಥಿತಿ ತಿಳಿಯುವುದು 64ನೇ ಪೋರ್ಟಿನಲ್ಲಿ. ಬೈಟ್ ಬಂತು ಅಂತ ಸಿಪಿಯುವನ್ನು ಎಚ್ಚರಿಸುವ ಸೂಚನೆಗೆ ಇಂಟರಪ್ಟ್ ಅಂತಾರೆ, ಅದರ ನಂಬರು ಐಆರ್‌ಕ್ಯು. ಕೀಬೋರ್ಡಿಗೆ ಐಆರ್‌ಕ್ಯು 1, ಮೌಸಿಗೆ ಐಆರ್‌ಕ್ಯು 12 (ಈ ಎರಡು ಮಾಮೂಲಿ ಲೆಕ್ಕದಲ್ಲೇ). ಮೌಸಿಗೆ ಏನಾದರೂ ಹೇಳಬೇಕಾದರೆ ಮೊದಲು 64ಕ್ಕೆ ಡಿ4 ಬರೆದು, ಆಮೇಲೆ 60ಕ್ಕೆ ಬೈಟ್ ಬರೆಯಬೇಕು. ಡಿ4 ಬರೆಯದಿದ್ದರೆ ಆ ಬೈಟ್ ಕೀಬೋರ್ಡಿಗೆ ಹೋಗುತ್ತದೆ.

ಮೊದಲು ಕ್ಯೂಇಎಂಯುನಲ್ಲಿ ಬರೀ ಮೌಸ್ ಎಬ್ಬಿಸಿ ನೋಡಿದೆವು. 64ಕ್ಕೆ ಎ8 ಬರೆದು ಮೌಸ್ ಕಡೆಯ ದಾರಿ ತೆರೆಯುವುದು, ಕಂಟ್ರೋಲರಿನ ಕಮಾಂಡ್ ಬೈಟಿನಲ್ಲಿ ಮೌಸ್ ಇಂಟರಪ್ಟಿನ ಬಿಟ್ ಹಾಕುವುದು, ಮೌಸಿಗೆ ಎಫ್4 ಕಳಿಸಿ "ಇನ್ನು ಮಾತಾಡು" ಅನ್ನುವುದು. ಬೈಟ್ ಬರುತ್ತಿದೆಯಾ ಅಂತ ನೋಡಲಿಕ್ಕೆ ಐಆರ್‌ಕ್ಯು 12 ಬಂದಾಗಲೂ ಸದ್ಯಕ್ಕೆ ಕೀಬೋರ್ಡಿನ ಕೋಡನ್ನೇ ಕರೆಯುವ ಹಾಗೆ ಬಿಟ್ಟೆವು.

ಮೌಸ್ ಅಲುಗಿಸಿದರೆ ಶೆಲ್ಲಿನಲ್ಲಿ ಅಕ್ಷರ ಸುರಿಯತೊಡಗಿತು.

"ಇದೇನಣ್ಣ, ಬಲಗಡೆ ಎಳೆದ್ರೆ ಏಳು ಬರುತ್ತೆ, ಎಡಗಡೆ ಎಳೆದ್ರೆ ಇಂಗ್ಲಿಷಿನ ಓ ಬರುತ್ತೆ!"

ಹುಡುಗನ ಕಣ್ಣು ಚುರುಕು. ಅವನು ನೋಡಿದ್ದರಲ್ಲೇ ಮೌಸ್ ಪ್ಯಾಕೆಟ್ಟಿನ ಪಾಠ ಪೂರ್ತಿ ಇತ್ತು. ಮಾಮೂಲಿ ಮೌಸ್ ಪ್ರತಿ ಸಲ ಮೂರು ಬೈಟ್ ಕಳಿಸುತ್ತದೆ. ಮೊದಲನೆಯದರಲ್ಲಿ ಬಟನ್ನುಗಳು ಮತ್ತು ದಿಕ್ಕಿನ ಚಿಹ್ನೆಗಳು, ಎರಡನೆಯದರಲ್ಲಿ ಅಡ್ಡ ಎಷ್ಟು ಸರಿಯಿತು, ಮೂರನೆಯದರಲ್ಲಿ ಉದ್ದ ಎಷ್ಟು ಸರಿಯಿತು. ಮೊದಲನೆಯ ಬೈಟಿನಲ್ಲಿ 08ರ ಬಿಟ್ ಯಾವಾಗಲೂ ಇರುತ್ತದೆ. ಬಟನ್ ಒತ್ತದೆ ಬಲಕ್ಕೆ ಹೋದರೆ ಆ ಬೈಟ್ 08. ಕೀಬೋರ್ಡಿನ ಭಾಷೆಯಲ್ಲಿ 08 ಅಂದರೆ 7ರ ಕೀ. ಎಡಕ್ಕೆ ಹೋದರೆ ಅಡ್ಡ ದಿಕ್ಕಿನ ಚಿಹ್ನೆ ಸೇರಿ 18 ಆಗುತ್ತದೆ, ಅದು ಓ ಕೀ. ಕೆಳಗೆ ಎಳೆದರೆ 28, ಅಂದರೆ ಅಪಾಸ್ಟ್ರಫಿ (') ಕೀ. ಎಡಕ್ಕೂ ಕೆಳಕ್ಕೂ ಓರೆಯಾಗಿ ಎಳೆದರೆ 38. ಅದು ಆಲ್ಟ್ ಕೀ, ಹಾಗಾಗಿ ಏನೂ ಮೂಡುವುದಿಲ್ಲ. ಬಲಕ್ಕೆ ಎಳೆದಾಗ ಏಳರ ಜೊತೆ 1, 2 ಕೂಡ ಬರುತ್ತಿದ್ದವು. ಎಷ್ಟು ಸರಿಯಿತು ಅನ್ನುವ ಬೈಟ್ 02 ಆದರೆ ಅದು 1ರ ಕೀ, 03 ಆದರೆ 2ರ ಕೀ. ಎಡಕ್ಕೆ ಎಳೆದಾಗ ಆ ಬೈಟ್ ಋಣ ಸಂಖ್ಯೆ, ಎಫ್ಇ, ಎಫ್ಎಫ್ ಥರ. ಕೀಬೋರ್ಡ್ ಕೋಡ್ ಅದನ್ನು ಕೀ ಬಿಟ್ಟ ಸದ್ದು ಅಂತ ತಿಳಿದು ಸುಮ್ಮನಾಗುತ್ತದೆ. ಅದಕ್ಕೇ ಎಡಕ್ಕೆ ಬರೀ ಓ.

ಕಾರಣ ಎಕ್ಸ್‌ವಿ6ನ ಕೆಬಿಡಿ.ಸಿ ಫೈಲಿನಲ್ಲಿದೆ. ಕೀಬೋರ್ಡ್ ಓದುವ ಫಂಕ್ಷನ್ 64ನೇ ಪೋರ್ಟಿನಲ್ಲಿ "ಬೈಟ್ ಇದೆಯಾ" ಅನ್ನುವ ಒಂದೇ ಬಿಟ್ ನೋಡುತ್ತದೆ. ಇದ್ದರೆ ತಗೊಂಡುಬಿಡುತ್ತದೆ. ಬೈಟ್ ಯಾರದ್ದು ಅನ್ನುವುದನ್ನು ಅದೇ ಪೋರ್ಟಿನ 20ರ ಬಿಟ್ ಹೇಳುತ್ತದೆ, ಅದು ಇದ್ದರೆ ಮೌಸಿನದು. ಕೀಬೋರ್ಡ್ ಮಾತ್ರ ಇರುವ ಸಿಸ್ಟಮಿನಲ್ಲಿ ಅದನ್ನು ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಐಆರ್‌ಕ್ಯು 12ಕ್ಕೆ ಬೇರೆ ಕೋಡ್ ಬರೆದರಷ್ಟೇ ಸಾಲದು ಅನ್ನುವುದು ಇಲ್ಲಿ ಮುಖ್ಯ. ಕೀ ಒತ್ತಿದ ಇಂಟರಪ್ಟಿಗೆ ಎದ್ದ ಕೀಬೋರ್ಡ್ ಕೋಡ್ ಬಫರ್ ಖಾಲಿಯಾಗುವವರೆಗೆ ಓದುತ್ತಲೇ ಇರುತ್ತದೆ. ನಡುವೆ ಬಂದ ಮೌಸ್ ಬೈಟನ್ನೂ ನುಂಗುತ್ತದೆ. ಒಂದು ಬೈಟ್ ತಪ್ಪಿದರೆ ಆಮೇಲಿನ ಪ್ಯಾಕೆಟ್ಟುಗಳೆಲ್ಲ ಅಡ್ಡಾದಿಡ್ಡಿ.

ಆದ್ದರಿಂದ ಓದುವವನು ಒಬ್ಬನೇ ಇರಲಿ ಅಂತ ಮಾಡಿದೆವು. 1 ಬರಲಿ 12 ಬರಲಿ, ಒಂದೇ ಫಂಕ್ಷನ್ ಏಳುತ್ತದೆ. ಪ್ರತಿ ಬೈಟಿಗೂ ಮೊದಲು ಸ್ಥಿತಿ ಓದುತ್ತದೆ, 20ರ ಬಿಟ್ ಇದ್ದರೆ ಟಚ್‌ಪ್ಯಾಡಿನ ಸಾಲಿಗೆ, ಇಲ್ಲದಿದ್ದರೆ ಕೀಬೋರ್ಡಿನ ಸಾಲಿಗೆ ಹಾಕುತ್ತದೆ. ಎರಡೂ ಇಂಟರಪ್ಟುಗಳನ್ನು ಒಂದೇ ಸಿಪಿಯುಗೆ ಕಟ್ಟಿದ್ದೇವೆ. ಇಬ್ಬರು ಸಿಪಿಯುಗಳು ಒಂದು ಬೈಟಿಗೆ ಕಿತ್ತಾಡುವ ಪ್ರಶ್ನೆಯೇ ಬರುವುದಿಲ್ಲ.

ಎಂಟರ್ ಕೀಯ ಕಿತಾಪತಿ

ಲ್ಯಾಪ್‌ಟಾಪಿಗೆ ಹೋದ ಮೇಲೆ ಒಂದು ವಿಚಿತ್ರ. ಗ್ರಬ್ ಮೆನುವಿನಲ್ಲಿ ಸುಮ್ನೆ ಕಾಯ್ದರೆ ಟಚ್‌ಪ್ಯಾಡ್ ಸಿಗುತ್ತದೆ. ಎಂಟರ್ ಒತ್ತಿ ಬೇಗ ಶುರು ಮಾಡಿದರೆ ಒಮ್ಮೊಮ್ಮೆ ಸಿಗುವುದಿಲ್ಲ.

ಪ್ಯಾಡಿಗೆ ಏನೇ ಕಮಾಂಡ್ ಕಳಿಸಿದರೂ ಅದು ಎಫ್ಎ ಅಂತ ಉತ್ತರ ಕೊಡಬೇಕು. ಬಂದ ಬೈಟನ್ನು ತೆರೆಯ ಮೇಲೆ ಹಾಕಿಸಿ ನೋಡಿದರೆ ಎಫ್ಎ ಬರಬೇಕಾದ ಕಡೆ 9ಸಿ ಕೂತಿತ್ತು. ಎಂಟರ್ ಕೀ ಒತ್ತಿದ್ದಕ್ಕೆ 1ಸಿ, ಬಿಟ್ಟಿದ್ದಕ್ಕೆ 9ಸಿ. ಒತ್ತಿದ್ದನ್ನು ಗ್ರಬ್ ತಗೊಂಡಿತ್ತು, ಬಿಟ್ಟದ್ದು ಕಂಟ್ರೋಲರಿನಲ್ಲೇ ಉಳಿದು ನಮ್ಮ ಡ್ರೈವರಿನ ಬಾಯಿಗೆ ಬಿತ್ತು. ಮದ್ದು ಸುಲಭ. ಶುರುವಿನಲ್ಲಿ ಬಫರಿನಲ್ಲಿ ಇದ್ದದ್ದನ್ನೆಲ್ಲ ಓದಿ ಎಸೆಯುವುದು, ಉತ್ತರಕ್ಕೆ ಕಾಯುವಾಗ 20ರ ಬಿಟ್ ಇಲ್ಲದ ಬೈಟನ್ನು ಲೆಕ್ಕಕ್ಕೇ ತಗೊಳ್ಳದಿರುವುದು.

ಕಾಯುವುದು ಅಂದೆನಲ್ಲ, ಅಲ್ಲೂ ಒಂದು ತಮಾಷೆ ಇದೆ. ಎಕ್ಸ್‌ವಿ6ನಲ್ಲಿ ಮೈಕ್ರೋಡಿಲೇ ಅಂತ ಫಂಕ್ಷನ್ ಇದೆ, ಇಷ್ಟು ಮೈಕ್ರೋಸೆಕೆಂಡ್ ಕಾಯಿ ಅಂತ ಹೇಳಲಿಕ್ಕೆ. ತೆರೆದು ನೋಡಿದರೆ ಒಳಗೆ ಏನೂ ಇಲ್ಲ, ಖಾಲಿ ಆವರಣ ಚಿಹ್ನೆ. ನಿಜವಾದ ಯಂತ್ರದಲ್ಲಿ ಇದನ್ನು ಹೊಂದಿಸಿಕೊಳ್ಳಬೇಕು ಅಂತ ಮೇಲೆ ಕಾಮೆಂಟ್ ಮಾತ್ರ. ಎಮ್ಯುಲೇಟರಿನಲ್ಲಿ ಮೌಸ್ ರೀಸೆಟ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ನಿಜವಾದ ಪ್ಯಾಡ್ ಎಫ್ಎಫ್ ಕಳಿಸಿದ ಮೇಲೆ ತನ್ನನ್ನು ತಾನು ಪರೀಕ್ಷಿಸಿಕೊಂಡು, ನಿಧಾನಕ್ಕೆ ಎಎ, 00 ಅನ್ನುತ್ತದೆ. ಆ ಹೊತ್ತು ಕಳೆಯಲು 64ನೇ ಪೋರ್ಟನ್ನೇ ಮತ್ತೆ ಮತ್ತೆ ಓದಿಸಿದೆವು. ಒಂದು ಸಲ ಓದಲು ಸುಮಾರು ಒಂದು ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನಾಜೂಕಲ್ಲದಿದ್ದರೂ ಕೆಲಸ ಆಯಿತು.

ಮೌಸಿನ ವೇಷ ಕಳಚುವುದು

ಟಚ್‌ಪ್ಯಾಡಿಗೆ ಏನೂ ಹೇಳದೆ ಬಿಟ್ಟರೆ ಅದು ತಾನು ಮೌಸ್ ಅಂತಲೇ ನಟಿಸುತ್ತದೆ. ಯಾವ ಡ್ರೈವರ್ ಇಲ್ಲದ ಸಿಸ್ಟಮಿನಲ್ಲೂ ಪಾಯಿಂಟರ್ ಅಲುಗಲಿ ಅಂತ. ಬೆರಳು ಎಲ್ಲಿದೆ, ಎಷ್ಟು ಒತ್ತಿದೆ ಅನ್ನುವುದೆಲ್ಲ ಅದಕ್ಕೆ ಗೊತ್ತು, ಹೇಳುವುದಿಲ್ಲ. ಹೇಳಿಸಲಿಕ್ಕೆ ಗುಟ್ಟಿನ ದಾರಿಯೊಂದಿದೆ, ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ.

ಪಿಎಸ್/2 ಮೌಸಿಗೆ ಇ8 ಅನ್ನುವ ಕಮಾಂಡ್ ಇದೆ, ರೆಸಲ್ಯೂಷನ್ ಹೊಂದಿಸಲಿಕ್ಕೆ. ಅದರ ಹಿಂದೆ 0ಯಿಂದ 3ರವರೆಗಿನ ಒಂದು ಅಂಕಿ ಕೊಡಬೇಕು. ಅಂದರೆ ಎರಡು ಬಿಟ್. ನಾಲ್ಕು ಸಲ ಇ8 ಕಳಿಸಿದರೆ ಎಂಟು ಬಿಟ್, ಒಂದು ಪೂರ್ತಿ ಬೈಟ್ ಆಯಿತು. ಮಾಮೂಲಿ ಮೌಸಿಗೆ ಇದು "ರೆಸಲ್ಯೂಷನ್ ಬದಲಿಸು" ಅಂತ ನಾಲ್ಕು ಸಲ ಪೀಡಿಸಿದ ಹಾಗೆ, ನಷ್ಟ ಏನಿಲ್ಲ. ಸಿನಾಪ್ಟಿಕ್ಸ್ ಪ್ಯಾಡಿಗೆ ಅದು ಒಂದು ಪ್ರಶ್ನೆ. ಹಿಂದೆಯೇ ಇ9, ಅಂದರೆ "ನಿನ್ನ ಸ್ಥಿತಿ ಹೇಳು" ಅಂತ ಕಳಿಸಿದರೆ ಉತ್ತರ ಮೂರು ಬೈಟಿನಲ್ಲಿ ಬರುತ್ತದೆ.

ನೀನು ಯಾರು ಅಂತ ಕೇಳಲಿಕ್ಕೆ ಇ8 00 ನಾಲ್ಕು ಸಲ, ಆಮೇಲೆ ಇ9. ಕ್ಯೂಇಎಂಯು ಮೌಸಿಗೆ ಇದನ್ನು ಕೇಳಿದರೆ 0, 0, 64 ಅಂದಿತು. ಸ್ಥಿತಿ ಸೊನ್ನೆ, ರೆಸಲ್ಯೂಷನ್ ಸೊನ್ನೆ, ಸೆಕೆಂಡಿಗೆ 100 ಸಲ ವರದಿ. ಸಾದಾ ಮೌಸಿನ ಸಾದಾ ಉತ್ತರ. ಲ್ಯಾಪ್‌ಟಾಪಿನಲ್ಲಿ ಬಂದದ್ದು 2, 47, 17.

ನಡುವಿನ 47 ನೋಡಿ. ರೆಸಲ್ಯೂಷನ್ 3ಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ. 47 ಅಂದರೆ "ನಾನು ಸಿನಾಪ್ಟಿಕ್ಸ್". ಮೊದಲಿನ 2 ಫರ್ಮ್‌ವೇರಿನ ಕಿರಿ ಅಂಕಿ, ಕೊನೆಯ 17ರಲ್ಲಿ 1 ಮಾಡೆಲ್, 7 ಹಿರಿ ಅಂಕಿ. ಮಾಡೆಲ್ 1, ಫರ್ಮ್‌ವೇರ್ 7.2. ಹುಡುಗ ಚೀಟಿ ನೋಡಿದ, ತೆರೆ ನೋಡಿದ. "ಬಂತಣ್ಣ!" ಅಂತ ಕೂಗಿದ್ದಕ್ಕೆ ಚಾರ್ಜರ್ ಕೊಳ್ಳಲು ಬಂದವರು ತಿರುಗಿ ನೋಡಿದರು.

ಇನ್ನು ವೇಷ ಕಳಚಿಸುವುದು. ಪ್ಯಾಡಿಗೆ ಒಂದು ಮೋಡ್ ಬೈಟ್ ಕೊಡಬೇಕು. ಮೇಲಿನ ಬಿಟ್ ಹಾಕಿದರೆ ಬೆರಳಿನ ನಿಜವಾದ ಜಾಗ ಹೇಳುತ್ತದೆ. ಅದರ ಪಕ್ಕದ್ದು ಹಾಕಿದರೆ ಸೆಕೆಂಡಿಗೆ 40ರ ಬದಲು 80 ಪ್ಯಾಕೆಟ್. ಕೆಳಗಿನ ಕೊನೆ ಬಿಟ್ ಹಾಕಿದರೆ ಬೆರಳಿನ ಅಗಲವನ್ನೂ ಹೇಳುತ್ತದೆ. ಮೂರೂ ಸೇರಿ ಸಿ1. ಎರಡೆರಡು ಬಿಟ್ಟಾಗಿ ಒಡೆದರೆ 3, 0, 0, 1. ಹಾಗಾಗಿ ಇ8 03, ಇ8 00, ಇ8 00, ಇ8 01, ಕೊನೆಗೆ ಎಫ್3 14. ಈ ಎಫ್3 14 ಅಂದರೆ ಮೌಸಿಗೆ "ಸೆಕೆಂಡಿಗೆ 20 ಸಲ ವರದಿ ಮಾಡು" ಅಂತ, ಸಿನಾಪ್ಟಿಕ್ಸಿಗೆ "ಈಗ ಕೊಟ್ಟ ಬೈಟನ್ನು ಮೋಡ್ ಅಂತ ಇಟ್ಟುಕೋ" ಅಂತ. ಶುರುವಿನಲ್ಲಿ ಒಂದು ಇ6 ಕಳಿಸುವುದು ಒಳ್ಳೆಯದು. ಅರ್ಧಕ್ಕೆ ನಿಂತ ಹಳೆ ಇ8 ಸಾಲು ಇದ್ದರೆ ಅಳಿಸಿಹೋಗುತ್ತದೆ. ಲಿನಕ್ಸ್ ಕೂಡ ಹಾಗೇ ಮಾಡುತ್ತದೆ.

ಆರು ಬೈಟಿನ ಪ್ಯಾಕೆಟ್

ಆಮೇಲೆ ಪ್ಯಾಕೆಟ್ ಮೂರರ ಬದಲು ಆರು ಬೈಟ್ ಆಗುತ್ತದೆ. ಬೆರಳನ್ನು ಹೆಚ್ಚು ಕಡಿಮೆ ನಡುವೆ ಇಟ್ಟಾಗ ಬಂದದ್ದು ಇದು: 90, ಎಡಿ, 3ಸಿ, ಸಿ4, 93, 6ಇ.

ಅಡ್ಡ ಅಳತೆ ಬೇಕಾದರೆ ಎರಡನೆಯ ಬೈಟಿನ ಬಲ ಅರ್ಧ, ಡಿ. ಅದರ ಹಿಂದೆ ಐದನೆಯ ಬೈಟ್, 93. ಸೇರಿಸಿದರೆ ಡಿ93, ಅಂದರೆ 3475. ಉದ್ದಕ್ಕೆ ಎರಡನೆಯ ಬೈಟಿನ ಎಡ ಅರ್ಧ ಎ, ಹಿಂದೆ ಆರನೆಯ ಬೈಟ್ 6ಇ. ಎ6ಇ, 2670. ಇವೆರಡರ ಹದಿಮೂರನೆಯ ಬಿಟ್‌ಗಳು ನಾಲ್ಕನೆಯ ಬೈಟಿನಲ್ಲಿ ಅಡಗಿವೆ, ಇಲ್ಲಿ ಎರಡೂ ಸೊನ್ನೆ. ಮೂರನೆಯ ಬೈಟ್ ಒತ್ತಡ, 3ಸಿ ಅಂದರೆ 60. ಬೆರಳಿನ ಅಗಲದ ನಾಲ್ಕು ಬಿಟ್‌ಗಳಂತೂ ಮೂರು ಕಡೆ ಚೆಲ್ಲಿವೆ. ಎರಡು ಮೊದಲ ಬೈಟಿನ ನಡುವೆ, ಒಂದು ಅದೇ ಬೈಟಿನ ಕೆಳಗೆ, ಇನ್ನೊಂದು ನಾಲ್ಕನೆಯದರಲ್ಲಿ. ಹೆಕ್ಕಿ ಜೋಡಿಸಿದರೆ 5. ಅಗಲ 4ರಿಂದ 7 ಇದ್ದರೆ ಒಂದು ಮಾಮೂಲಿ ಬೆರಳು, 8 ಅಥವಾ ಅದಕ್ಕಿಂತ ಮೇಲಿದ್ದರೆ ಅಂಗೈ ಇರಬಹುದು. 0 ಅಂದರೆ ಎರಡು ಬೆರಳು, 1 ಅಂದರೆ ಮೂರೋ ಜಾಸ್ತಿಯೋ.

ಪ್ಯಾಕೆಟ್ ಸರಿಯಾಗಿ ಸಾಲು ಹಿಡಿದಿದೆಯಾ ಅಂತ ನೋಡಲು ಮೊದಲ ಬೈಟನ್ನೂ ನಾಲ್ಕನೆಯದನ್ನೂ ಸಿ8 ಜೊತೆ ಆ್ಯಂಡ್ ಮಾಡಬೇಕು, ಅಂದರೆ ಎರಡರಲ್ಲೂ 1 ಇರುವ ಬಿಟ್‌ಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಮೊದಲನೆಯದು 80, ನಾಲ್ಕನೆಯದು ಸಿ0 ಬರಬೇಕು. ಬಾರದಿದ್ದರೆ ಆ ಬೈಟ್ ಎಸೆದು ಮುಂದಿನದನ್ನು ಮೊದಲನೆಯದು ಅಂದುಕೊಳ್ಳುವುದು. ಇದಿಲ್ಲದೆ ಡ್ರೈವರ್ ಬರೆಯಲೇಬೇಡಿ. ಬೆರಳು ಮೇಲಿರುವಾಗ ಸೆಕೆಂಡಿಗೆ 480 ಬೈಟ್ ಬರುತ್ತವೆ, ಒಂದಲ್ಲ ಒಂದು ಹೊತ್ತಿಗೆ ತಪ್ಪಿಯೇ ತಪ್ಪುತ್ತದೆ.

ಗೈಡಿನ ಪ್ರಕಾರ ಅಡ್ಡ ಅಳತೆ 1472ರಿಂದ 5472. ಸರಿಯಾಗಿ 4000. ಎಕ್ಸ್‌ವಿ6ನ ತೆರೆಯಲ್ಲಿ ಸಾಲಿಗೆ 80 ಅಕ್ಷರ. ಅಂದರೆ 50ಕ್ಕೆ ಒಂದು ಕಾಲಂ, ಲೆಕ್ಕ ಚೊಕ್ಕವಾಗಿ ಕೂತಿತು. ಉದ್ದ 1408ರಿಂದ 4448. ಅದನ್ನು 25 ಸಾಲಿಗೆ ಹಂಚಿದರೆ ಚೂರು ಉಳಿಯುತ್ತದೆ, ಪರವಾಗಿಲ್ಲ. ಆದರೆ ಪ್ಯಾಡಿನಲ್ಲಿ ಮೇಲಕ್ಕೆ ಹೋದಂತೆ ಅಂಕಿ ಹೆಚ್ಚುತ್ತದೆ, ತೆರೆಯಲ್ಲಿ ಕೆಳಕ್ಕೆ ಹೋದಂತೆ. ತಿರುಗಿಸಿಕೊಳ್ಳಬೇಕು. ಅಂಚಿನಲ್ಲಿ ಬೆರಳಿಟ್ಟರೆ ಈ ಮಿತಿಗಳನ್ನು ದಾಟಿದ ಅಂಕಿಗಳೂ ಬರುತ್ತವೆ, ಅಲ್ಲಿ ಕತ್ತರಿ ಹಾಕದಿದ್ದರೆ ಸ್ಕ್ರೀನ್ ಮೆಮೊರಿಯ ಹೊರಗೆ ಬರೆದಂತಾಗುತ್ತದೆ.

ಒತ್ತಡ 30 ದಾಟಿದರೆ ಬೆರಳು ಮುಟ್ಟಿತು ಅಂತ, 25ಕ್ಕಿಂತ ಇಳಿದರೆ ಎತ್ತಿತು ಅಂತ ಇಟ್ಟೆವು. ಎರಡಕ್ಕೂ ಒಂದೇ ಅಂಕಿ ಇಟ್ಟರೆ ಹಗುರ ಬೆರಳಿಗೆ ಪಾಯಿಂಟರ್ ಬಿಟ್ಟು ಬಿಟ್ಟು ಓಡುತ್ತದೆ.

ತಟ್ಟಿದರೆ ಕ್ಲಿಕ್

ತಟ್ಟುವುದು ಅಂದರೆ ಬೆರಳು ಚೂರು ಹೊತ್ತು ಮುಟ್ಟಿ, ಸರಿಯದೆ, ಎದ್ದದ್ದು. ಆ ಚೂರು ಹೊತ್ತನ್ನು ಅಳೆಯುವುದು ಹೇಗೆ? ಎಕ್ಸ್‌ವಿ6ನಲ್ಲಿ ಟಿಕ್ ಅಂತ ಗಡಿಯಾರ ಇದೆ. ಆದರೆ ಟೈಮರಿಗೆ ಒಂದು ಕೋಟಿ ಅಂತ ಅಂಕಿ ಕೊಟ್ಟು ಬಿಟ್ಟಿದ್ದಾರೆ, ಯಂತ್ರಕ್ಕೆ ತಕ್ಕಂತೆ ಹೊಂದಿಸುವುದಿಲ್ಲ. ಕ್ಯೂಇಎಂಯುನಲ್ಲಿ ಸೆಕೆಂಡಿಗೆ ಸುಮಾರು 100 ಟಿಕ್ ಬರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ 20ರ ಆಸುಪಾಸು. ಅಲ್ಲಿ ಒಂದು ಟಿಕ್ ಅಂದರೇ 50 ಮಿಲಿಸೆಕೆಂಡ್. ತಟ್ಟುವುದನ್ನು ಅದರಲ್ಲಿ ಅಳೆಯುವುದು ಕಷ್ಟ.

ಹುಡುಗನಿಗೆ ಹೊಳೆದದ್ದು ಚೆನ್ನಾಗಿತ್ತು. "ಪ್ಯಾಡೇ ಸೆಕೆಂಡಿಗೆ 80 ಪ್ಯಾಕೆಟ್ ಕಳಿಸ್ತದಲ್ಲಣ್ಣ, ಅದನ್ನೇ ಎಣಿಸಿದ್ರೆ?" ಒಂದು ಪ್ಯಾಕೆಟ್ಟಿಗೆ 12.5 ಮಿಲಿಸೆಕೆಂಡ್. 14 ಪ್ಯಾಕೆಟ್ಟಿನ ಒಳಗೆ ಬೆರಳು ಎದ್ದರೆ, ಅಂದರೆ 175 ಮಿಲಿಸೆಕೆಂಡಿನ ಒಳಗೆ, ಅದು ತಟ್ಟಿದ್ದು. ಸಿಪಿಯು ಯಾವುದಾದರೂ ಆಗಲಿ, ಲೆಕ್ಕ ಬದಲಾಗುವುದಿಲ್ಲ. ಹಾಗೇ ಬರೆದೆವು.

ಪಾಯಿಂಟರ್ ಅಂದರೆ ಇಲ್ಲಿ ಬಾಣ ಅಲ್ಲ. ಟೆಕ್ಸ್ಟ್ ತೆರೆಯಲ್ಲಿ ಒಂದು ಅಕ್ಷರದ ಬಣ್ಣ ತಿರುವು ಮುರುವು ಮಾಡಿದರೆ ಅದೇ ಪಾಯಿಂಟರ್. ಬಣ್ಣದ ಬೈಟ್ 07 ಇದ್ದದ್ದು 70 ಆಗುತ್ತದೆ. ತೆರೆ ಮೇಲಕ್ಕೆ ಸರಿದಾಗ ಆ ಬಿಳಿ ಚೌಕವೂ ಅಕ್ಷರಗಳ ಜೊತೆ ಮೇಲೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತೆರೆಯ ತುಂಬ ಬಿಳಿ ಚೌಕ. ಕನ್ಸೋಲ್ (ತೆರೆಗೆ ಅಕ್ಷರ ಹಾಕುವ ಕೋಡ್) ಅಕ್ಷರ ಬರೆಯುವ ಮುಂಚೆ ಪಾಯಿಂಟರ್ ಅಳಿಸಿ, ಬರೆದ ಮೇಲೆ ಮತ್ತೆ ಹಾಕಬೇಕಾಯಿತು, ಅದೂ ಬೇರೆ ಕೋಡ್ ನಡುವೆ ನುಗ್ಗದಂತೆ ಕನ್ಸೋಲಿನ ಬೀಗ (ಲಾಕ್) ಕೈಯಲ್ಲಿದ್ದಾಗಲೇ.

ಯೂಸರ್ ಪ್ರೋಗ್ರಾಮುಗಳಿಗೆ ಟಚ್ ಅಂತ ಒಂದು ಡಿವೈಸ್ ಫೈಲ್ ಕೊಟ್ಟೆವು. ಕನ್ಸೋಲ್ 1ನೇ ನಂಬರು, ಇದು 2. ಓದಿದರೆ ಜಾಗ, ಒತ್ತಡ, ತಟ್ಟಿದ್ದು ಸಿಗುತ್ತದೆ. ಬರೆದರೆ ಸಾಲು, ಕಾಲಂ, ಅಕ್ಷರ ಮೂರು ಬೈಟ್ ತಗೊಂಡು ಆ ಜಾಗದಲ್ಲಿ ಅಕ್ಷರ ಮೂಡಿಸುತ್ತದೆ. ಟಚ್‌ಪ್ಯಾಡಿಗೆ ಬರೆದರೆ ತೆರೆಯಲ್ಲಿ ಮೂಡುವುದು ಯಾವ ನ್ಯಾಯ ಅಂತ ಮಡಿವಂತರು ಕೇಳಬಹುದು. ಎಕ್ಸ್‌ವಿ6ನ ಕನ್ಸೋಲಿಗೆ ಕರ್ಸರನ್ನು ಬೇಕಾದ ಕಡೆ ಒಯ್ಯುವ ಸೌಲಭ್ಯ ಇಲ್ಲ, ಅದಕ್ಕೆ ಈ ಅಡ್ಡದಾರಿ.

ಇದರ ಮೇಲೆ ಹುಡುಗ ಬರೆದ ಮೊದಲ ಪ್ರೋಗ್ರಾಮಿನ ಹೆಸರು ರಂಗೋಲಿ. ತೆರೆಯ ಮೇಲೆ 7ರಿಂದ 4 ಸಂದು ಚುಕ್ಕಿ ಇಡುತ್ತದೆ. ಪಾಯಿಂಟರಿನ ಗೊಡವೆ ಇಲ್ಲ, ಪ್ಯಾಡಿನ ಮೇಲೆ ಬೆರಳು ಎಲ್ಲಿದೆಯೋ ತೆರೆಯಲ್ಲೂ ಅಲ್ಲೇ ಗೆರೆ ಬೀಳುತ್ತದೆ. ಅಕ್ಷರದ ಚೌಕ ಅಗಲಕ್ಕಿಂತ ಎತ್ತರ ಜಾಸ್ತಿ ಇರುವುದರಿಂದ ಚುಕ್ಕಿಗಳನ್ನು ಅಡ್ಡಕ್ಕೆ 6, ಉದ್ದಕ್ಕೆ 3 ಬಿಟ್ಟು ಇಟ್ಟರೆ ಕಣ್ಣಿಗೆ ಸರಿ ಕಾಣುತ್ತದೆ. ನಮ್ಮಮ್ಮ ಒಂದು ಸಲ ಬಿಡಿಸಿ ನೋಡಿ, "ಎಳೆ ದಪ್ಪ ಆಯ್ತು ಕಣೋ" ಅಂದರು. ಒತ್ತಡ 60 ದಾಟಿದರೆ ನಕ್ಷತ್ರ, ಕಡಿಮೆ ಇದ್ದರೆ ಬರೀ ಚುಕ್ಕಿ ಅಂತ ಬದಲಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು. ಮೌಸ್ ವೇಷದಲ್ಲೇ ಬಿಟ್ಟಿದ್ದರೆ ಈ ಒತ್ತಡದ ಅಂಕಿ ನಮಗೆ ಸಿಗುತ್ತಲೇ ಇರಲಿಲ್ಲ.

ಎರಡು ಬೆರಳಿನ ಸ್ಕ್ರೋಲ್ ಮಾಡಿಲ್ಲ. ಈಗ ಕೇಳಿಕೊಂಡಿರುವ ಮೋಡಿನಲ್ಲಿ ಎರಡು ಬೆರಳಿದೆ ಅಂತ ಮಾತ್ರ ಗೊತ್ತಾಗುತ್ತದೆ, ಎರಡನೆಯದರ ಜಾಗ ಸಿಗುವುದಿಲ್ಲ. ಸ್ಕ್ರೋಲ್ ಮಾಡಲಿಕ್ಕೆ ಎಕ್ಸ್‌ವಿ6ನಲ್ಲಿ ಹಿಂದಿನ ಸಾಲುಗಳೂ ಉಳಿದಿರುವುದಿಲ್ಲ. ಕೀ ಒತ್ತುವಾಗ ಅಂಗೈ ತಾಗಿದರೆ ಪ್ಯಾಕೆಟ್ ಬಿಡುವುದು ಮಾತ್ರ ಹಾಕಿದ್ದೇವೆ, ಅಗಲ 8 ದಾಟಿದರೆ ಲೆಕ್ಕಕ್ಕಿಲ್ಲ.

ಈಗ ಮೇಜಿನ ಮೇಲೆ ಎಲಾನ್‌ಟೆಕ್ ಪ್ಯಾಡಿನ ಇನ್ನೊಂದು ಲ್ಯಾಪ್‌ಟಾಪ್ ಇದೆ. ಅದನ್ನು ಮಾತಾಡಿಸುವ ಗುಟ್ಟು ಬೇರೆ. ಇ6 ಮೂರು ಸಲ, ಆಮೇಲೆ ಇ9. 3ಸಿ, 03 ಅಂತ ಶುರುವಾಗಿ ಕೊನೆಯ ಬೈಟ್ ಸಿ8 ಅಥವಾ 00 ಬಂದರೆ ಎಲಾನ್‌ಟೆಕ್. ನಮ್ಮದರಲ್ಲಿ ಸಿ8 ಬಂತು. ಆದರೆ ಅವರ ಪ್ಯಾಕೆಟ್ ರೂಪ ಒಂದು ಫರ್ಮ್‌ವೇರಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಲಿನಕ್ಸಿನ ಆ ಫೈಲು ನಮ್ಮ ಇಡೀ ಡ್ರೈವರಿಗಿಂತ ಎಷ್ಟೋ ಉದ್ದ, ಹುಡುಗ ಅದನ್ನು ಓದುತ್ತಿದ್ದಾನೆ. ಅಲ್ಲಿಯವರೆಗೆ ಗುರುತು ಹಿಡಿದು ಹೆಸರು ಮುದ್ರಿಸಿ, ಮೂರು ಬೈಟಿನ ಮೌಸ್ ಆಗಿಯೇ ಓಡಿಸುತ್ತಿದ್ದೇವೆ.